ಹಳೆಯ ಗಾಡಿ, ಹೊಸ ಹೆಸರು

ಹೊಸ ವಸ್ತುವನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಹಳೆಯದನ್ನು ಕೊಳ್ಳುವುದಕ್ಕಾದರೋ ಕಣ್ಣು ಬೇಕು, ಕಿವಿ ಬೇಕು, ತಾಳ್ಮೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮಾರುವವನ ಮುಖವನ್ನು ಓದುವ ಅಭ್ಯಾಸ ಬೇಕು. ನಮ್ಮ ಹಳ್ಳಿಯ ಹಿರಿಯರಿಗೆ ಈ ವಿದ್ಯೆ ಕರತಲಾಮಲಕ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಮೈಮೇಲಣ ಸುಳಿ ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊನೆಗೆ ದಳ್ಳಾಳಿಯೊಡನೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಾನೆ. ಪೇಟೆಯವರಾದ ನಮಗೆ ಎತ್ತು ಬೇಡ, ನಿಜ. ಆದರೆ ಎತ್ತು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮೋಟಾರ್ ಸೈಕಲ್ಲು ಬಂದು ನಿಂತಿದೆ. ಸಾಮಾನ್ಯ ಕುಟುಂಬದ ತರುಣನೊಬ್ಬ ತನ್ನ ಸ್ವಂತ ಸಂಪಾದನೆಯಿಂದ ಕೊಳ್ಳುವ ಮೊದಲ ಆಸ್ತಿ ಬಹುಮಟ್ಟಿಗೆ ಅದೇ. ಅದೂ ಹೊಸದಲ್ಲ, ಯಾರೋ ಓಡಿಸಿ ಬಿಟ್ಟದ್ದು. ಅದರ ಬಾಯಿ ಬಿಡಿಸಿ ಹಲ್ಲು ನೋಡುವುದು ಹೇಗೆ?

ಈ ಪ್ರಶ್ನೆ ನನಗೆ ಎದುರಾದದ್ದು ನನ್ನ ತಂಗಿಯ ಮಗನಿಂದ. ಆತ ಕೋಲಾರದ ಕಡೆಯಿಂದ ಬಂದು, ಪುಲಿಕೇಶಿನಗರದ ನಮ್ಮ ಮನೆಯಲ್ಲಿದ್ದುಕೊಂಡು, ವೈಟ್‌ಫೀಲ್ಡಿನ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. 2023ರಲ್ಲಿ ವೈಟ್‌ಫೀಲ್ಡಿನವರೆಗೆ ಮೆಟ್ರೋ ರೈಲು ಬಂದು ಹಗಲಿನ ಪಾಳಿಯವರಿಗೆ ದೊಡ್ಡ ಉಪಕಾರವಾಯಿತು. ಆದರೆ ಎರಡನೆಯ ಪಾಳಿ ಮುಗಿಯುವುದು ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ರೈಲೂ ಇಲ್ಲ, ಬಸ್ಸೂ ಇಲ್ಲ. ಆಟೋದವರು ಕೇಳುವ ಹಣವನ್ನು ಕೊಡುತ್ತ ಹೋದರೆ ತಿಂಗಳ ಸಂಬಳದಲ್ಲಿ ಊರಿಗೆ ಕಳಿಸುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ವರ್ಷ ಕೂಡಿಟ್ಟ ನಲವತ್ತು ಸಾವಿರ ರೂಪಾಯಿಯನ್ನು ತೋರಿಸಿ, ‘ಮಾವ, ಒಂದು ಹಳೇ ಗಾಡಿ ಕೊಡಿಸಿ’ ಎಂದ. ಹೀಗೆ, ಮೋಟಾರ್ ಸೈಕಲ್ಲನ್ನು ಹತ್ತುವ ವಯಸ್ಸು ದಾಟಿದ ನಾನು ಅದನ್ನು ಹುಡುಕುವ ಕೆಲಸಕ್ಕೆ ಹೊರಟೆ. ಆ ಎರಡು ಮೂರು ತಿಂಗಳುಗಳಲ್ಲಿ ಕಂಡುದನ್ನೂ ಕಲಿತುದನ್ನೂ ಹೇಳಿದರೆ ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಹುಡುಕುವುದಕ್ಕೆ ನಮ್ಮ ಬಡಾವಣೆಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಹೋದ ಮೇಲೆ, ದಂಡಿನ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಬಯಲಿನ ಕಡೆಗೆ ಕರೆಯುವ ಸಲುವಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಬಡಾವಣೆ ಇದು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಾಲ್ಯದಲ್ಲಿ ಗುರುವಾಗಿದ್ದು ಮುಂದೆ ಮೈಸೂರಿನ ರೆಸಿಡೆಂಟರಾದ ಸ್ಟೂಅರ್ಟ್ ಫ್ರೇಸರರ ಹೆಸರಿನಿಂದ ಫ್ರೇಸರ್ ಟೌನ್ ಎನಿಸಿಕೊಂಡಿತು. ಆಮೇಲೆ ಹರ್ಷವರ್ಧನನನ್ನು ನರ್ಮದೆಯ ಆಚೆಗೇ ತಡೆದ ಬಾದಾಮಿಯ ಚಾಲುಕ್ಯ ದೊರೆಯ ಹೆಸರನ್ನು ಹೊತ್ತಿತು. ಜನ ಎರಡು ಹೆಸರನ್ನೂ ಬಿಟ್ಟುಕೊಟ್ಟಿಲ್ಲ. ಕೋಲ್ಸ್ ರಸ್ತೆ, ಮಾಸ್ಕ್ ರಸ್ತೆ, ವೀಲರ್ ರಸ್ತೆಗಳ ಅಂಗಡಿಸಾಲಿನಲ್ಲಿ ಒಂದೇ ಉಸಿರಿಗೆ ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳು ಕೇಳಿಬರುತ್ತವೆ. ಪಕ್ಕದ ಶಿವಾಜಿನಗರಕ್ಕೆ ನಡೆದು ಹೋದರೆ 1927ರ ರಸೆಲ್ ಮಾರುಕಟ್ಟೆ. ಅದರ ಸುತ್ತಣ ಸಂದುಗಳಲ್ಲಿ ಗುಜರಿಯ ಅಂಗಡಿಗಳು. ಯಾವ ಕಾಲದ ಗಾಡಿಯ ಯಾವ ಬಿಡಿಭಾಗ ಬೇಕಾದರೂ ಅಲ್ಲಿ ಸಿಕ್ಕುತ್ತದೆಂದು ಪ್ರತೀತಿ.

ದಂಡಿನ ಪ್ರದೇಶಕ್ಕೂ ಮೋಟಾರ್ ಸೈಕಲ್ಲಿಗೂ ಹಳೆಯ ಸಂಬಂಧವುಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಬೇಡವೆಂದು ಮಾರಿದ ಬಿ.ಎಸ್.ಎ., ನಾರ್ಟನ್ ಗಾಡಿಗಳನ್ನು ಕೊಂಡು ಓಡಿಸಿದವರ ಕಥೆಗಳನ್ನು ಇಲ್ಲಿನ ಹಿರಿಯರ ಬಾಯಿಂದ ನಾನು ಕೇಳಿದ್ದೇನೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡಿನ ಬುಲೆಟ್ಟು ತಯಾರಾಗತೊಡಗಿತು. ಅದಕ್ಕಿಂತ ಹೆಚ್ಚಾಗಿ ನಮ್ಮವರ ಅಭಿಮಾನಕ್ಕೆ ಪಾತ್ರವಾದದ್ದು ಮೈಸೂರಿನ ಗಾಡಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ದೇಶದವನು ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಮೊದಲಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟ. ಆ ಜಾವಾ ಗಾಡಿಯನ್ನು ಇಲ್ಲಿಯೇ ಮಾಡುವುದಕ್ಕಾಗಿ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿತು. ಮರುವರ್ಷದಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ‘ಯೆಜ್ಡಿ’ಯಾಯಿತು. ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ಬಾಗಿ ಗೇರು ಬದಲಿಸುವ ಸನ್ನೆಯಾಗುವುದು ಅದರ ವೈಶಿಷ್ಟ್ಯ. 1996ರಲ್ಲಿ ಕಾರ್ಖಾನೆ ಮುಚ್ಚಿಹೋಯಿತು. ಅಭಿಮಾನಿಗಳು ಮಾತ್ರ ಗಾಡಿಯನ್ನು ಕೈಬಿಡಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ತಂತಮ್ಮ ಜಾವಾ, ಯೆಜ್ಡಿಗಳನ್ನು ತೊಳೆದು ಒರಸಿ ತಂದು ಒಂದೆಡೆ ಸೇರುತ್ತಾರೆ. ಅದೇ 1996ರಲ್ಲಿ ನಿಂತುಹೋದ ಯಮಹಾ ಆರ್.ಎಕ್ಸ್. 100ರದೂ ಇದೇ ಕಥೆ. 1985ರಲ್ಲಿ ಬಂದು ಹನ್ನೊಂದು ವರ್ಷ ಮಾತ್ರ ನಡೆದ ಆ ಗಾಡಿಯನ್ನು ಇಂದು ಸುಸ್ಥಿತಿಯಲ್ಲಿ ಕೊಳ್ಳಬೇಕಾದರೆ, ಹೊಸದಾಗಿದ್ದಾಗ ಇದ್ದುದರ ಹಲವು ಪಟ್ಟು ಬೆಲೆ ತೆರಬೇಕು.

ಆದಕಾರಣ ಹಳೆಯ ಮೋಟಾರ್ ಸೈಕಲ್ಲಿನ ಪೇಟೆಯಲ್ಲಿ ಎರಡು ಬಗೆಯ ಗಿರಾಕಿಗಳನ್ನು ಕಾಣುತ್ತೇವೆ. ಒಬ್ಬ ಪ್ರೀತಿಗಾಗಿ ಕೊಳ್ಳುವವನು, ಮತ್ತೊಬ್ಬ ಹೊಟ್ಟೆಪಾಡಿಗಾಗಿ ಕೊಳ್ಳುವವನು. ಮೊದಲನೆಯವನಿಗೆ ಗಾಡಿ ಹಳೆಯದಾದಷ್ಟೂ ಬೆಲೆ ಹೆಚ್ಚು. ಎರಡನೆಯವನಿಗೆ ಹಳೆಯದಾದಷ್ಟೂ ಕಡಿಮೆ. ಕಷ್ಟ ಬರುವುದು ಇಬ್ಬರೂ ಒಬ್ಬನಲ್ಲಿಯೇ ಇದ್ದಾಗ. ನನ್ನ ಸೋದರಳಿಯನ ಸ್ಥಿತಿ ಅದಾಗಿತ್ತು.

ಮಾಸ್ಕ್ ರಸ್ತೆಯಿಂದ ಒಳಗೆ ತಿರುಗುವ ಒಂದು ಸಂದಿನಲ್ಲಿ ಗಾಡಿ ರಿಪೇರಿಯ ಅಂಗಡಿಯಿಟ್ಟುಕೊಂಡಿರುವ ಹಿರಿಯರೊಬ್ಬರು ನನಗೆ ಪರಿಚಿತರು. ಅವರ ಮಕ್ಕಳಿಬ್ಬರೂ ನನ್ನ ತರಗತಿಯಲ್ಲಿ ಓದಿದವರು. ಬೀದಿಯವರೆಲ್ಲ ಅವರನ್ನು ಭಾಯ್ ಎನ್ನುತ್ತಾರೆ. ಅವರು ನನ್ನನ್ನು ಮೇಷ್ಟ್ರೆ ಎನ್ನುತ್ತಾರೆ. ಮೊದಲ ದಿನ ನಾವು ಹೋದಾಗ ಅಂಗಡಿಯ ಮುಂದೆ ಕಪ್ಪು ಬಣ್ಣದ ಯೆಜ್ಡಿ ರೋಡ್‌ಕಿಂಗ್ ಒಂದು ನಿಂತಿತ್ತು. ಭಾಯ್ ಅದನ್ನು ಒದ್ದು ಚಾಲೂ ಮಾಡಿದರು. ಎರಡು ಕೊಳವೆಗಳಿಂದ ಹೊರಟ ಆ ಸದ್ದಿಗೆ ಎದುರು ಮನೆಯ ಮುದುಕರೊಬ್ಬರು ಪತ್ರಿಕೆಯಿಂದ ತಲೆಯೆತ್ತಿ ನಕ್ಕರು. ನಮ್ಮ ಹುಡುಗನ ಕಣ್ಣು ಅರಳಿತು. ಅದರ ಒಡೆಯರು ಮಾರಲು ಸಿದ್ಧರಿದ್ದರು. ಕೇಳಿದ ಬೆಲೆ ಹುಡುಗನ ಗಂಟಿನ ಮೂರು ಪಟ್ಟು. ಕಂತಿನಲ್ಲಿ ತೀರಿಸಬಹುದೆಂದು ಆತ ಲೆಕ್ಕ ಹಾಕತೊಡಗಿದ. ನಾನು ಏನನ್ನೂ ಹೇಳದೆ ಭಾಯ್ ಅವರ ಮುಖ ನೋಡಿದೆ. ಅವರು ಕೈಯೊರಸಿಕೊಳ್ಳುತ್ತ, ‘ನೋಡು ತಮ್ಮಾ, ಇದು ಭಾನುವಾರದ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕುಡಿಯೋದೂ ಜಾಸ್ತಿ. ರಾತ್ರಿ ಎರಡು ಗಂಟೆಗೆ ಟಿನ್ ಫ್ಯಾಕ್ಟರಿ ಹತ್ತಿರ ನಿಂತುಹೋದ್ರೆ ಯಾರನ್ನ ಕರೀತೀಯ? ದುಡಿಯೋದಕ್ಕೆ ಬೇರೆ ಗಾಡಿ ನೋಡು. ದುಡಿದ ಮೇಲೆ ಇದನ್ನ ತಗೋ’ ಎಂದರು. ಆ ಗಾಡಿ ಮಾರಾಟವಾದರೆ ಅವರಿಗೂ ನಾಲ್ಕು ಕಾಸು ಸಿಕ್ಕುತ್ತಿತ್ತು. ಅದನ್ನು ಬಿಟ್ಟು ಹೇಳಿದ ಮಾತಾದ್ದರಿಂದ ಹುಡುಗ ಒಪ್ಪಿದ.

ಆ ಸಂಜೆ ಅವರು ನಮಗೆ ಗಾಡಿ ನೋಡುವ ಪಾಠ ಹೇಳಿದರು. ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಮೊದಲನೆಯದು, ಗಾಡಿಯನ್ನು ತಣ್ಣಗಿರುವಾಗ ನೋಡಬೇಕು. ನಾವು ಬರುವ ಮುಂಚೆಯೇ ಚಾಲೂ ಮಾಡಿ ಬಿಸಿಮಾಡಿಟ್ಟಿದ್ದರೆ ಬೆಳಗಿನ ತಕರಾರುಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಹೋದೊಡನೆ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ನೋಡುವುದು ಒಳ್ಳೆಯದು. ಎರಡನೆಯದು ಹೊಗೆ. ಯೆಜ್ಡಿಯಂತಹ ಟು ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಪೆಟ್ರೋಲಿನೊಡನೆಯೇ ಉರಿಯುವುದರಿಂದ ನೀಲಿ ಹೊಗೆ ಸಹಜ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಕೆಳಗೆ ಬೇರೆಯಾಗಿಯೇ ನಿಂತಿರುತ್ತದೆ. ಅಲ್ಲಿ ನೀಲಿ ಹೊಗೆ ಕಂಡರೆ ಒಳಗಿನ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ ಎಂದರ್ಥ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬಿಳಿಯ ಆವಿ ಬಂದರೆ ಹೆದರಬೇಕಾಗಿಲ್ಲ.

ಮೂರನೆಯದು ಓಡಿದ ದೂರ. ಮೀಟರು ತೋರಿಸುವ ಸಂಖ್ಯೆಯನ್ನು ತಿದ್ದುವುದು ಕಷ್ಟವಲ್ಲ. ಆದರೆ ಕಾಲಿಡುವ ರಬ್ಬರು, ಬ್ರೇಕಿನ ತುಳಿಗೆ, ಕೈಹಿಡಿಗಳ ಸವಕಳಿಯನ್ನು ತಿದ್ದುವ ತಾಪತ್ರಯಕ್ಕೆ ಯಾರೂ ಹೋಗುವುದಿಲ್ಲ. ಹತ್ತು ಸಾವಿರ ಕಿಲೋಮೀಟರು ಓಡಿದ್ದೆಂದು ಮೀಟರು ಹೇಳುತ್ತಿದ್ದು, ತುಳಿಗೆ ನುಣುಪಾಗಿ ಹೊಳೆಯುತ್ತಿದ್ದರೆ ತುಳಿಗೆಯ ಮಾತನ್ನೇ ನಂಬಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕು ಹಿಡಿದಿದೆಯೇ ಎಂದು ಬೆಳಕು ಬಿಟ್ಟು ನೋಡಬೇಕು. ಹಿಂದೆ ನಿಂತು ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಕಣ್ಣಳತೆ ಮಾಡಬೇಕು. ಹ್ಯಾಂಡಲಿನ ಕೆಳಗಿನ ಕುತ್ತಿಗೆಯ ಭಾಗದಲ್ಲಿ ಹೊಸ ಬೆಸುಗೆಯೋ ಬರಿಯ ಅಷ್ಟೇ ಭಾಗಕ್ಕೆ ಬಳಿದ ಬಣ್ಣವೋ ಕಂಡರೆ ಗಾಡಿ ಯಾವುದೋ ಪೆಟ್ಟು ತಿಂದದ್ದೆಂದು ತಿಳಿಯಬೇಕು.

ಕೊನೆಗೆ ಭಾಯ್ ಒಂದು ಗಾಡಿಯ ಸರಪಳಿಯ ಮುಚ್ಚಳ ತೆಗೆದು ಹಿಂದಿನ ಹಲ್ಲಿನ ಚಕ್ರವನ್ನು ತೋರಿಸಿದರು. ಹೊಸತರಲ್ಲಿ ಎರಡು ಬದಿಯೂ ಒಂದೇ ಸಮನಾಗಿರುವ ಹಲ್ಲುಗಳು, ಸವೆದಂತೆ ಒಂದು ಕಡೆಗೆ ಬಾಗಿ ಕೊಕ್ಕೆಯಂತಾಗುತ್ತವೆ. ಎತ್ತಿನ ವ್ಯಾಪಾರದ ಮಾತನ್ನು ನಾನು ಅವರಿಗೆ ಹೇಳಿದಾಗ, ‘ಇದಕ್ಕೂ ಹಲ್ಲಿದೆ ಮೇಷ್ಟ್ರೆ, ನೋಡೋರು ಕಡಿಮೆ’ ಎಂದು ನಕ್ಕರು.

ಈ ಪಾಠವನ್ನು ಹಿಡಿದುಕೊಂಡು ನಾವು ನೋಡಿದ ಎರಡನೆಯ ಗಾಡಿ ದಳ್ಳಾಳಿಯೊಬ್ಬನ ಬಳಿ ಇತ್ತು. ಮೇಲುನೋಟಕ್ಕೆ ಹೊಚ್ಚ ಹೊಸದರಂತಿತ್ತು. ಎಂಜಿನ್ನಿನ ಸದ್ದೂ ಹಿತವಾಗಿತ್ತು. ಭಾಯ್ ಹೇಳಿದ ಪರೀಕ್ಷೆಗಳಲ್ಲೆಲ್ಲ ಬಹುಮಟ್ಟಿಗೆ ಗೆದ್ದಿತು. ಬೆಲೆಯೂ ನಮ್ಮ ಅಳತೆಯಲ್ಲಿತ್ತು. ಕಾಗದ ಎಲ್ಲಿ ಎಂದು ಕೇಳಿದಾಗ ಆತ ಒಂದು ಲಕೋಟೆಯಿಂದ ನೋಂದಣಿ ಪತ್ರವನ್ನೂ, 29 ಮತ್ತು 30ನೆಯ ನಮೂನೆಗಳನ್ನೂ ಹೊರತೆಗೆದ. ಮಾರಾಟದ ತಿಳಿವಳಿಕೆ ಕೊಡುವ ಆ ನಮೂನೆಗಳ ಕೆಳಗೆ ಮಾರಿದವರ ಸಹಿ ಇತ್ತು. ಉಳಿದ ಜಾಗವೆಲ್ಲ ಖಾಲಿ. ಸಹಿ ಮಾಡಿದ ಮಹಾಶಯರು ಎಲ್ಲಿದ್ದಾರೆಂದರೆ ಆತನಿಗೆ ತಿಳಿಯದು. ಅವರಿಂದ ಒಬ್ಬ ಕೊಂಡ, ಅವನಿಂದ ಮತ್ತೊಬ್ಬ, ಆ ಮತ್ತೊಬ್ಬನಿಂದ ಈತ. ನೋಂದಣಿ ಪತ್ರದಲ್ಲಿ ಮಾತ್ರ ಮೊದಲನೆಯವರ ಹೆಸರು ಅಲುಗಾಡದೆ ಕುಳಿತಿದೆ. ‘ನಿಮಗೆ ಬೇಕಾದಾಗ ಹೆಸರು ತುಂಬಿಕೊಳ್ಳಿ ಸಾರ್, ಎಲ್ಲರೂ ಹೀಗೇ ಓಡಿಸೋದು’ ಎಂದು ಆತ ಸಮಾಧಾನ ಹೇಳಿದ.

ಎಲ್ಲರೂ ಹೀಗೆಯೇ ಓಡಿಸುತ್ತಾರೆಂಬುದು ಬಹುಪಾಲು ನಿಜವಿದ್ದೀತು. ಅದರ ಪರಿಣಾಮವೇನೆಂಬುದನ್ನು ಮಾತ್ರ ಎಲ್ಲರೂ ತಿಳಿದಂತಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಗಾಡಿಯ ಒಡೆಯನೆಂದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನು. ಅದೇ ಅಧಿನಿಯಮದ 50ನೆಯ ಸೆಕ್ಷನ್ನು, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂದು ವಿಧಿಸುತ್ತದೆ. ತಿಳಿಸದೆ ಹೋದರೆ? 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಂತಹುದೇ ಒಂದು ಪ್ರಕರಣವನ್ನು ತೀರ್ಮಾನಿಸಿತು. ಒಬ್ಬರು ಮಾರಿದ ವಾಹನ ಕೈಯಿಂದ ಕೈಗೆ ಹಲವು ಬಾರಿ ದಾಟಿತ್ತು. ಹೆಸರನ್ನು ಯಾರೂ ಬದಲಿಸಿರಲಿಲ್ಲ. 2009ರಲ್ಲಿ ಅದು ಅಪಘಾತಕ್ಕೆ ಕಾರಣವಾಯಿತು. ತಾನು ಎಂದೋ ಮಾರಿಬಿಟ್ಟೆನೆಂದು ಮೊದಲನೆಯವರು ಹೇಳಿದರೂ, ನೋಂದಣಿಯಲ್ಲಿ ಹೆಸರಿರುವ ತನಕ ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಅದರ ಕಾರಣವೂ ಮನಮುಟ್ಟುವಂತಹುದು: ಗಾಯಗೊಂಡವರು, ಸತ್ತವರ ಮನೆಯವರು, ಯಾರು ಯಾರಿಗೆ ಮಾರಿದರೆಂದು ಊರೂರು ಹುಡುಕುತ್ತ ಅಲೆಯುವಂತಾಗಬಾರದು.

ಹಾಗಾದರೆ ಆ ಲಕೋಟೆಯಲ್ಲಿದ್ದ ಸಹಿ ಏನು? ತನ್ನ ಹಳೆಯ ಗಾಡಿ ಕೈಬಿಟ್ಟಿತೆಂದು ನೆಮ್ಮದಿಯಾಗಿರುವ ಯಾರೋ ಒಬ್ಬರ ತಲೆಯ ಮೇಲೆ, ಅವರಿಗೇ ತಿಳಿಯದಂತೆ ತೂಗುತ್ತಿರುವ ಕತ್ತಿ. ಕೊಂಡವನ ಸ್ಥಿತಿಯೂ ಹಗುರವಲ್ಲ. ಗಾಡಿ ಕಳುವಾದರೆ ದೂರು ಕೊಡಲು ಆತನಿಗೆ ಹೆಸರಿನ ಬಲವಿಲ್ಲ. ವಿಮೆಯ ಹಣ ಕೇಳಲು ದಾರಿಯಿಲ್ಲ. ಗಾಡಿಯೇ ಕಳುವಿನದೆಂದು ತಿಳಿದರೆ ಹಣವೂ ಹೋಗಿ ಗಾಡಿಯೂ ಹೋಗಿ ಪೋಲೀಸು ಠಾಣೆಯ ಬೆಂಚು ಉಳಿಯುತ್ತದೆ. ಹಿಂದಿನವರು ಕಟ್ಟದೆ ಬಿಟ್ಟ ಸಂಚಾರದ ದಂಡಗಳು ಗಾಡಿಯ ನಂಬರಿನ ಬೆನ್ನಿಗೆ ಅಂಟಿಕೊಂಡೇ ಬರುತ್ತವೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಹತ್ತಿದ ಸಾಲುಗಳನ್ನು ಕಂಡವರಿಗೆ ಅದರ ಭಾರ ತಿಳಿದೀತು. ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕೃತ ಪರವಾನಗಿ ಪಡೆಯಬೇಕೆಂದೂ, ತಮ್ಮ ವಶದಲ್ಲಿರುವ ಗಾಡಿಗೆ ತಾವೇ ಹೊಣೆಯಾಗಬೇಕೆಂದೂ ಕೇಂದ್ರ ಸರ್ಕಾರ ಮಾಡಿದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಮ್ಮ ದಳ್ಳಾಳಿಗೆ ಅದನ್ನು ನೆನಪಿಸಿದಾಗ ಆತ ಲಕೋಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬೇರೆ ಗಿರಾಕಿ ಇದ್ದಾರೆಂದು ತಿಳಿಸಿದ.

ಹುಡುಗನಿಗೆ ನಿರಾಶೆಯಾಯಿತು. ಮತ್ತೆ ಮೂರು ವಾರ ಆಟೋಗಳಿಗೆ ಹಣ ಸುರಿದ. ಆಮೇಲೆ ಒಂದು ಬೆಳಿಗ್ಗೆ ಭಾಯ್ ಹೇಳಿಕಳಿಸಿದರು. ಕಾಕ್ಸ್ ಟೌನಿನ ಕಡೆ, ಬೆಂಗಳೂರು ಪೂರ್ವ ರೈಲು ನಿಲ್ದಾಣಕ್ಕೆ ದೂರವಲ್ಲದ ಒಂದು ಹೆಂಚಿನ ಮನೆ. ಮುಂದಿನ ಜಗಲಿಯ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ ನಿಲ್ಲಿಸಿದ್ದ ಹೀರೋ ಸ್ಪ್ಲೆಂಡರ್. 1994ರಿಂದ ಈಚೆಗೆ ನಮ್ಮ ದೇಶದ ಹಾಲಿನವರು, ಪತ್ರಿಕೆಯವರು, ಗುಮಾಸ್ತರು, ಮೇಷ್ಟರುಗಳು ಎಲ್ಲರನ್ನೂ ಹೊತ್ತು ತಿರುಗಿದ, ಯಾರೂ ಪದ್ಯ ಕಟ್ಟದ ಗಾಡಿ ಅದು. ಈ ಗಾಡಿಯ ನೋಂದಣಿ 2014ರದು. ಮನೆಯ ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಪತ್ನಿ, ಎಪ್ಪತ್ತರ ಆಚೀಚಿನ ವಯಸ್ಸು, ತಮಿಳು ಬೆರೆತ ಕನ್ನಡದಲ್ಲಿ ನಮ್ಮನ್ನು ಬರಮಾಡಿಕೊಂಡು ಕಾಫಿ ಕೊಟ್ಟರು. ವಾರಕ್ಕೊಮ್ಮೆ ಪಕ್ಕದ ಮನೆಯ ಹುಡುಗನಿಂದ ಗಾಡಿಯನ್ನು ಚಾಲೂ ಮಾಡಿಸಿ ಹತ್ತು ನಿಮಿಷ ಬಿಡುತ್ತಿದ್ದರಂತೆ. ‘ಅವರು ಹಾಗೇ ಮಾಡ್ತಿದ್ರು. ಸುಮ್ನೆ ನಿಂತ್ರೆ ಕೆಟ್ಟುಹೋಗುತ್ತೆ ಅಂತ’ ಎಂದರು.

ಗಾಡಿ ತಣ್ಣಗಿತ್ತು. ಎರಡನೆಯ ಒದೆತಕ್ಕೆ ಚಾಲೂ ಆಯಿತು. ಹೊಗೆಯಿಲ್ಲ. ತುಳಿಗೆಯ ಸವಕಳಿಯೂ ಮೀಟರಿನ ಸಂಖ್ಯೆಯೂ ಒಂದೇ ಮಾತನ್ನಾಡಿದವು. ಹಲ್ಲಿನ ಚಕ್ರ ಸ್ವಲ್ಪ ಸವೆದಿತ್ತು. ಸರಪಳಿಯೊಡನೆ ಬದಲಿಸಿದರೆ ಸಾಕೆಂದು ಭಾಯ್ ಹೇಳಿದರು. ಚೌಕಟ್ಟಿನ ಕುತ್ತಿಗೆಯ ಮೇಲೆ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ನೋಂದಣಿ ಪತ್ರಕ್ಕೆ ಹೋಲಿಸಿದರು, ಒಂದಂಕಿಯೂ ತಪ್ಪಿರಲಿಲ್ಲ. ಸಾಲದ ಬಾಕಿಯಿಲ್ಲ. ಮೊದಲ ನೋಂದಣಿ 15 ವರ್ಷಕ್ಕಾದ್ದರಿಂದ 2029ರ ತನಕ ಅವಧಿಯಿತ್ತು. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಮೂವತ್ತೆರಡು ಸಾವಿರಕ್ಕೆ ಮಾತಾಯಿತು.

ತೊಡಕು ಒಂದೇ ಉಳಿದಿತ್ತು. ನೋಂದಣಿ ಪತ್ರದಲ್ಲಿದ್ದ ಹೆಸರು ತೀರಿಕೊಂಡವರದು. ಸತ್ತವರು ಮಾರಲಾರರು. ಕಾಗದಪತ್ರದ ಕೆಲಸ ಮಾಡಿಕೊಡುವ ಏಜೆಂಟನೊಬ್ಬ ಸುಲಭವಾದ ದಾರಿ ತೋರಿಸಿದ: 29ನೆಯ ನಮೂನೆಗೆ ಯಜಮಾನರ ಸಹಿಯನ್ನು ತಾನೇ ಹಾಕಿಸಿ, ಅವರು ಬದುಕಿದ್ದಾಗಿನ ತಾರೀಖನ್ನು ಬರೆದುಬಿಡುವುದು. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಆಕೆ ಹಳೆಯ ಬ್ಯಾಂಕಿನ ಪುಸ್ತಕವೊಂದನ್ನು ತಂದು, ಅದರಲ್ಲಿದ್ದ ಗಂಡನ ಸಹಿಯನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ನನ್ನನ್ನು, ‘ಸಾರ್, ಹಾಗೆ ಮಾಡಬಹುದಾ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಉತ್ತರವೂ ಇತ್ತು. ನಾನು ಬಾಯಿ ತೆರೆಯುವ ಮುನ್ನವೇ ನಮ್ಮ ಹುಡುಗ, ‘ಬೇಡ ಅಮ್ಮ. ಒಂದು ತಿಂಗಳು ಕಾಯ್ತೀನಿ’ ಎಂದ. ಆಟೋಗಳಿಗೆ ಇನ್ನೊಂದು ತಿಂಗಳ ಹಣ ಎಷ್ಟಾಗುವುದೆಂದು ಆತನಿಗೆ ಬಾಯಿಪಾಠವಾಗಿತ್ತು. ತಿಳಿದೇ ಆಡಿದ ಮಾತು.

ಸರಿಯಾದ ದಾರಿ ಇದ್ದೇ ಇದೆ. ಗಾಡಿಯ ಒಡೆಯ ತೀರಿಕೊಂಡರೆ, ಅದು ಯಾರ ವಶಕ್ಕೆ ಬಂತೋ ಅವರು 30 ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಆ ಬಳಿಕ ಮಾರಬಹುದು. ದುಃಖದಲ್ಲಿರುವ ಮನೆಯಲ್ಲಿ ಇದು ಯಾರಿಗೆ ನೆನಪಾದೀತು? ಪಿಂಚಣಿ, ಬ್ಯಾಂಕು, ಮನೆಯ ಖಾತೆಗಳಿಗಾಗಿ ಓಡಾಡಿದವರು ಜಗಲಿಯ ಮೇಲೆ ಸೀರೆ ಹೊದ್ದು ನಿಂತ ಗಾಡಿಯನ್ನು ಮರೆತುಬಿಡುತ್ತಾರೆ. ಗಡುವು ಮೀರಿದ್ದಕ್ಕೆ ಅಲ್ಪಸ್ವಲ್ಪ ದಂಡ ಕಟ್ಟಬೇಕಾಯಿತು. ಮರಣಪತ್ರದ ನಕಲು ಬೇಕಾಯಿತು. ಕೊಯಮತ್ತೂರಿನಲ್ಲಿದ್ದ ಮಗಳ ಒಪ್ಪಿಗೆಯ ಪತ್ರ ಅಂಚೆಯಲ್ಲಿ ಬರಬೇಕಾಯಿತು. ಹುಡುಗ ಎರಡನೆಯ ಪಾಳಿಯಿದ್ದ ವಾರಗಳಲ್ಲಿ ಬೆಳಗಿನ ಹೊತ್ತು ಆಕೆಯನ್ನು ಸಾರಿಗೆ ಕಛೇರಿಗೆ ಕರೆದುಕೊಂಡು ಹೋಗಿ ಬಂದ. ತಿಂಗಳು ಎಂದದ್ದು ಏಳು ವಾರವಾಯಿತು.

ಆಕೆಯ ಹೆಸರಿನ ನೋಂದಣಿ ಕಾರ್ಡು ಬಂದ ದಿನ ನಾವು ಮತ್ತೆ ಹೋದೆವು. ಕಾರ್ಡನ್ನು ಆಕೆ ದೇವರ ಮುಂದೆ ಇಟ್ಟಿದ್ದರು. ಗಂಡನ ಹೆಸರು ಹೋಯಿತೆಂದು ಅಳುವರೇನೋ ಎಂದು ನಾನು ಅಂಜಿದ್ದೆ. ಆದರೆ ಆಕೆಯ ಮುಖದಲ್ಲಿದ್ದುದು ಬೇರೆ ಭಾವ. ‘ನಲವತ್ತೆಂಟು ವರ್ಷ ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ ಸಾರ್. ನನ್ನ ಹೆಸರಲ್ಲಿ ಗಾಡಿ ಅಂತ ಇದ್ದದ್ದು ಇದೇ ಮೊದಲು’ ಎಂದರು. ಮಾರುವ ಕಾಗದಕ್ಕೆ ಸಹಿ ಹಾಕುವುದನ್ನು ಒಂದು ವಾರ ಮುಂದಕ್ಕೆ ಹಾಕೋಣವೇ ಎಂದು ಹುಡುಗ ಕೇಳಿದ. ಆಕೆ ನಕ್ಕು, ‘ನಿನಗೆ ರಾತ್ರಿ ಕೆಲಸ ಕಂದ’ ಎಂದು ಹೇಳಿ, 29ನೆಯ ನಮೂನೆಯ ಪ್ರತಿಯೊಂದು ಖಾಲಿ ಜಾಗವನ್ನೂ ತಾವೇ ತುಂಬಿ, ಅಂದಿನ ತಾರೀಖು ಬರೆದು, ನಿಧಾನವಾಗಿ ಸಹಿ ಮಾಡಿದರು. ಕಾರ್ಡಿನ ನಕಲೊಂದನ್ನು ಮಾತ್ರ ಕೇಳಿ ಇಟ್ಟುಕೊಂಡರು. ಆ ಮಧ್ಯಾಹ್ನವೇ ಎರಡು ನಮೂನೆಗಳನ್ನೂ ಕಛೇರಿಗೆ ಸಲ್ಲಿಸಿದೆವು. ವಿಮೆಯನ್ನೂ ಹುಡುಗನ ಹೆಸರಿಗೆ ಮಾಡಿಸಲು ಬರೆದುಕೊಟ್ಟೆವು.

ಹಳೆಯ ಗಾಡಿ ಕೊಳ್ಳಹೊರಟ ತರುಣರಿಗೂ ಅವರ ಹಿರಿಯರಿಗೂ ನನ್ನ ಸೂಚನೆ ಇಷ್ಟೇ. ಯಂತ್ರವನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಂತಹವರು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. ಸವೆದ ಸರಪಳಿಯನ್ನು ಒಂದು ಗಂಟೆಯಲ್ಲಿ ಬದಲಿಸಬಹುದು, ಟೈರನ್ನು ಅದಕ್ಕೂ ಬೇಗ. ಕಾಗದದಲ್ಲಿರುವ ಹೆಸರನ್ನು ಹಾಗೆ ಬದಲಿಸಲಾಗುವುದಿಲ್ಲ. ಅದಕ್ಕೆ ಮಾರುವವರ ಒಪ್ಪಿಗೆಯೂ ಕೊಳ್ಳುವವರ ತಾಳ್ಮೆಯೂ ಬೇಕು. ಮಾರುವವರಿಗೂ ಒಂದು ಮಾತು: ಹಣ ಕೈಗೆ ಬಂದಿತೆಂದು ಖಾಲಿ ನಮೂನೆಗೆ ಸಹಿ ಮಾಡಿ ಕೊಡಬೇಡಿರಿ. ನಿಮ್ಮ ಹೆಸರು ಹೊತ್ತ ಗಾಡಿ ಯಾವ ರಾತ್ರಿ, ಯಾವ ತಿರುವಿನಲ್ಲಿ, ಯಾರ ಎದುರಿಗೆ ಹೋಗಿ ನಿಲ್ಲುವುದೋ ಹೇಳಲಾಗದು.

ಈಗ ಎರಡನೆಯ ಪಾಳಿಯ ದಿನಗಳಲ್ಲಿ ರಾತ್ರಿ ಎರಡರ ಸುಮಾರಿಗೆ ನಮ್ಮ ಬೀದಿಯ ತುದಿಯಲ್ಲಿ ಸ್ಪ್ಲೆಂಡರಿನ ಸಣ್ಣ ಸದ್ದು ಕೇಳುತ್ತದೆ. ಹುಡುಗ ಮನೆಯ ಮುಂದೆ ಎಂಜಿನ್ನು ನಿಲ್ಲಿಸಿ, ಗಾಡಿಯನ್ನು ತಳ್ಳಿಕೊಂಡು ಒಳಗೆ ಬರುತ್ತಾನೆ. ಯೆಜ್ಡಿಯ ಆಸೆ ಆತನಿಗೆ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಕಾಕ್ಸ್ ಟೌನಿನ ಆ ಹೆಂಚಿನ ಮನೆಗೆ ಹೋಗಿ, ಆಕೆಯನ್ನು ಹಿಂದೆ ಕೂರಿಸಿಕೊಂಡು ಪಿಂಚಣಿಯ ಬ್ಯಾಂಕಿಗೆ ಕರೆದುಕೊಂಡು ಹೋಗಿ ಬರುತ್ತಾನೆ. ಇದು ಯಾವ ನಮೂನೆಯಲ್ಲಿಯೂ ಬರೆದದ್ದಲ್ಲ. ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.